ನಾಲ್ಕು ವರ್ಷ ಡಾಂಬರು ಕೋಟಿಂಗ್, ಏಳು ವರ್ಷ ಉಣ್ಣೆಯ ಜಿಡ್ಡು: ಮಲ್ಪೆ ಬದಿಯ ಒಂದು ಮಾರುತಿ 800

2018ರ ಜುಲೈ. ಮಲ್ಪೆಯಿಂದ ಉಡುಪಿಗೆ ಹೋಗುವಾಗ ಎಡಗಡೆ ಚಕ್ರ ಒಂದು ಹೊಂಡಕ್ಕೆ ಇಳಿಯಿತು. ಪಕ್ಕದಲ್ಲಿದ್ದ ಅಮ್ಮ ಕಾಲು ಎತ್ತಿಕೊಂಡು, "ಎಂತ ಇದು, ಕಾರಿನ ಒಳಗೂ ಮಳೆಯಾ?" ಅಂದರು. ಸೀರೆಯ ಅಂಚು ಕೆಂಪು ನೀರಲ್ಲಿ ನೆನೆದಿತ್ತು. ಮನೆಗೆ ಬಂದು ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗಿನ ಕಾರ್ಪೆಟ್ ಹಿಂಡಿದರೆ ಲೋಟದಷ್ಟು ನೀರು. ಅದನ್ನೂ ಎತ್ತಿದರೆ ಎಂಟಾಣೆ ಅಗಲದ ತೂತು. ತೂತಿನಲ್ಲಿ ನಮ್ಮ ಅಂಗಳದ ಜಲ್ಲಿ ಕಾಣುತ್ತಿತ್ತು.

ನನಗೆ ಸಿಟ್ಟು ಬಂದದ್ದು ತೂತು ನೋಡಿ ಅಲ್ಲ. ನಾಲ್ಕು ವರ್ಷದ ಹಿಂದಷ್ಟೇ 3,200 ರೂಪಾಯಿ ಕೊಟ್ಟು ಕಾರಿನ ಅಡಿಭಾಗಕ್ಕೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಮಾಡಿಸಿದ್ದೆ. ಐದು ವರ್ಷದ ವಾರಂಟಿ ಕಾರ್ಡ್ ಇನ್ನೂ ಕಾರಿನೊಳಗೇ ಇತ್ತು!

ಕಾರು 2003ರದ್ದು, ಅಪ್ಪ ಕೊಂಡದ್ದು. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆಯೇ ನಿಂತಿತು. ಇನ್ನು ಹೊಸದು ಬರುವುದಿಲ್ಲ, ಇದ್ದದ್ದನ್ನಾದರೂ ಕಾಪಾಡೋಣ ಅಂತ ಆ ವರ್ಷ ಜೂನಿನಲ್ಲಿ ಕೋಟಿಂಗ್‌ಗೆ ಬಿಟ್ಟೆ. ಬೆಳಿಗ್ಗೆ ವಾಟರ್ ಸರ್ವಿಸ್, ಮಧ್ಯಾಹ್ನ ಸ್ಪ್ರೇ, ಸಂಜೆ ಡೆಲಿವರಿ. ಬಗ್ಗಿ ನೋಡಿದರೆ ಅಡಿಯೆಲ್ಲ ಕಪ್ಪಗೆ ಮಿರಿಮಿರಿ. ಎಷ್ಟು ಚಂದ ಇತ್ತೆಂದರೆ ಮನೆಗೆ ಬಂದವರಿಗೆಲ್ಲ ಬಗ್ಗಿಸಿ ತೋರಿಸಿದ್ದೆ.

ಈಗ ಯೋಚಿಸಿದರೆ ಎಲ್ಲಾ ಅಲ್ಲೇ ತಪ್ಪಿತ್ತು. ತೊಳೆದ ನೀರು ಜೋಡುಗಳ ಸಂದಿಯಲ್ಲಿ ಆರಿರಲಿಲ್ಲ. ಆಗಲೇ ಹಿಡಿದಿದ್ದ ತುಕ್ಕನ್ನು ಯಾರೂ ಉಜ್ಜಿರಲಿಲ್ಲ. ಅದರ ಮೇಲೆಯೇ ಡಾಂಬರಿನಂಥ ದಪ್ಪ ಪದರ ಹೊಡೆದರು. ಆ ಪದರ ಒಂದೆರಡು ವರ್ಷ ಮೆತ್ತಗಿರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಜಲ್ಲಿ ಬಡಿದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಉಪ್ಪುನೀರು ಒಳಗೆ ಹೋಗುತ್ತದೆ. ಹೊರಗೆ ಬರುವುದಿಲ್ಲ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಹಾಗಾಗಿ ಅದು ಉಬ್ಬಿ ಪದರವನ್ನು ಇನ್ನಷ್ಟು ಎಬ್ಬಿಸುತ್ತದೆ. ಇದೆಲ್ಲ ಆಗುವಾಗಲೂ ಹೊರಗಿನಿಂದ ನೋಡಿದರೆ ಅದೇ ಕಪ್ಪು, ಅದೇ ಮಿರಿಮಿರಿ. ಸಾಲದ್ದಕ್ಕೆ ರನ್ನಿಂಗ್ ಬೋರ್ಡ್ (ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತಗಡಿನ ಪಟ್ಟಿ) ಅಡಿಯಲ್ಲಿ ನೀರು ಇಳಿದು ಹೋಗಲೆಂದು ಕಂಪನಿಯೇ ಬಿಟ್ಟಿದ್ದ ತೂತುಗಳನ್ನೂ ಅದೇ ಸ್ಪ್ರೇಯಿಂದ ಮುಚ್ಚಿಬಿಟ್ಟಿದ್ದರು.

ಕಾರನ್ನು ನಮ್ಮ ಟಿಂಕರಿಂಗ್‌ನವರ ಹತ್ತಿರ ಒಯ್ದೆ. ಅವರು ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು ಹಿಡಿಯಿಂದ ಪ್ಲಾಟ್‌ಫಾರಂ, ಅಂದರೆ ಕಾರಿನ ತಳದ ತಗಡಿನ ಉದ್ದಕ್ಕೂ ಬಡಿಯುತ್ತಾ ಹೋದರು. ಠಣ್, ಠಣ್, ಠಣ್. ಜಾಕಿ ಕೊಡುವ ಜಾಗಕ್ಕೆ ಬಂದಾಗ ದಬ್. ಅಲ್ಲಿ ತುದಿಯಿಂದ ಮೆಲ್ಲಗೆ ಒತ್ತಿದರು. ಕಪ್ಪು ಪದರ ಹಪ್ಪಳದಂತೆ ಮುರಿದು ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಯಿತು. ಹಿಡಿಯಷ್ಟು ಕೆಂಪು ಪುಡಿ ಅವರ ಮುಖದ ಮೇಲೆ ಸುರಿಯಿತು. "ಬಣ್ಣ ಮಾತ್ರ ಉಂಟು ಮಾರಾಯ್ರೆ, ತಗಡು ಎಲ್ಲಿ ಉಂಟು?" ಅಂದರು. ನಾನು ಅದನ್ನು ಮಣ್ಣು ಅಂದುಕೊಂಡೆ. ನಮ್ಮ ಕಡೆ ಮಣ್ಣು, ತುಕ್ಕು ಎರಡರ ಬಣ್ಣವೂ ಒಂದೇ ಅಲ್ವಾ, ಗೊತ್ತೇ ಆಗುವುದಿಲ್ಲ. ಬೆರಳಲ್ಲಿ ತಿಕ್ಕಿ ನೋಡಿ: ಮಣ್ಣು ನುಣ್ಣಗೆ ಹರಡುತ್ತದೆ, ತುಕ್ಕು ಚಕ್ಕೆಚಕ್ಕೆಯಾಗಿ ಸಿಗುತ್ತದೆ.

ಕೋಟಿಂಗ್ ಮಾಡಿದವರಿಗೆ ವಾರಂಟಿ ಕಾರ್ಡ್ ತೋರಿಸಿದೆ. ಪದರ ಕಿತ್ತು ಬಂದರೆ ಮಾತ್ರ ವಾರಂಟಿ, ತುಕ್ಕಿಗೆ ಇಲ್ಲ ಅಂದರು. ಜಗಳ ಮಾಡಲಿಲ್ಲ. ಕಾರಿಗೆ 15 ವರ್ಷ ತುಂಬುವುದರಲ್ಲಿತ್ತು, ಆರ್‌ಸಿ ನವೀಕರಣಕ್ಕೆ ಇನ್ಸ್‌ಪೆಕ್ಷನ್ ಆಗಬೇಕಿತ್ತು. ಪದರ ಪೂರ್ತಿ ಕೆರೆದು, ಕೊಳೆತ ತಗಡು ಕತ್ತರಿಸಿ, ಹೊಸ ಪ್ಯಾಚ್ ವೆಲ್ಡ್ ಮಾಡಿಸುವಷ್ಟರಲ್ಲಿ 16,500 ಆಯಿತು. ಉಳಿದ ಕಡೆ ವೈರ್ ಬ್ರಷ್ ಹೊಡೆದು ರಸ್ಟ್ ಕನ್ವರ್ಟರ್ ಹಚ್ಚಿದರು. ತುಕ್ಕನ್ನು ಕಪ್ಪಗೆ ಗಟ್ಟಿಯಾಗಿಸುವ ದ್ರಾವಣ ಅದು. ಅದರ ಮೇಲೆ ಎಪಾಕ್ಸಿ ಪ್ರೈಮರ್.

ಆಮೇಲಿನದ್ದು ಲ್ಯಾನೋಲಿನ್. ಕುರಿಯ ಉಣ್ಣೆಯಿಂದ ತೆಗೆಯುವ ಜಿಡ್ಡು. ಅದು ಒಣಗುವುದಿಲ್ಲ, ಗಟ್ಟಿಯಾಗುವುದಿಲ್ಲ. ಕಲ್ಲು ಬಡಿದರೆ ಜಜ್ಜಿ ಹೋಗುತ್ತದೆಯೇ ಹೊರತು ಬಿರುಕು ಬಿಡುವುದಿಲ್ಲ. ಅಡಿಯಲ್ಲಿ ಏನಾಗುತ್ತಿದೆ ಅಂತ ಯಾವಾಗ ಬೇಕಾದರೂ ಒರೆಸಿ ನೋಡಬಹುದು. ನನಗೆ ಇದೇ ದೊಡ್ಡ ಸಮಾಧಾನ.

ಏಳು ವರ್ಷದಿಂದ ನಾನೇ ಹೊಡೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಅಡಿ ತೊಳೆಸಿ ಎರಡು ದಿನ ಬಿಸಿಲಿಗೆ ನಿಲ್ಲಿಸುತ್ತೇನೆ. ಡಬ್ಬಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟರೆ ತೆಳ್ಳಗಾಗಿ ಸ್ಪ್ರೇ ಆಗುತ್ತದೆ. ಡಿಸ್ಕ್, ಡ್ರಮ್, ಸೈಲೆನ್ಸರ್ ಮುಚ್ಚಿಡಬೇಕು. ಬ್ರೇಕಿಗೆ ಜಿಡ್ಡು ತಾಗಿದರೆ ಕತೆ ಮುಗಿಯಿತು. ರನ್ನಿಂಗ್ ಬೋರ್ಡಿನ ರಬ್ಬರ್ ಬೂಚು ತೆಗೆದು ಸಪೂರ ಪೈಪ್ ತೂರಿಸಿ ಒಳಗೂ ಹೊಡೆಯಬೇಕು. ಕೆಳಗಿನ ತೂತಿನಿಂದ ಜಿಡ್ಡು ತೊಟ್ಟಿಕ್ಕಿದರೆ ಒಳಗೆಲ್ಲ ತಲುಪಿತು ಅಂತ ಲೆಕ್ಕ. ಖರ್ಚು ವರ್ಷಕ್ಕೆ ಸುಮಾರು 1,800.

ಒಂದೇ ಸಲ ಸಾಲುವುದಿಲ್ಲ. ಮಳೆಗಾಲದಲ್ಲಿ ಹಿಂದಿನ ಚಕ್ರದ ಎದುರಿನ ಭಾಗ ನೀರಿನ ಹೊಡೆತಕ್ಕೆ ಬೋಳಾಗುತ್ತದೆ. ಜೂನ್, ಜುಲೈಯಲ್ಲಿ ಅಷ್ಟು ಚಿಂತೆ ಇಲ್ಲ. ಮೀನುಗಾರಿಕೆ ನಿಷೇಧ ಇರುತ್ತದೆ, ಭಾರೀ ಮಳೆ ರಸ್ತೆಯ ಉಪ್ಪನ್ನೆಲ್ಲ ತೊಳೆಯುತ್ತದೆ. ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಶುರು. ಮೀನಿನ ಟೆಂಪೋಗಳು ಐಸ್ ನೀರು ಸುರಿಸುತ್ತಾ ಹೋಗುತ್ತವೆ, ಹಿಂದೆ ಹೋಗುವ ನಮ್ಮ ಕಾರಿನ ಅಡಿಗೆ ಅದರದ್ದೇ ಅಭಿಷೇಕ. ಅದಕ್ಕೇ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬ್ರಷ್ಷಿನಲ್ಲಿ ಹಚ್ಚುತ್ತೇನೆ.

ಸುಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಹೊಡೆದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ತುಕ್ಕು ತಡೆಯುತ್ತದೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್ ಉಬ್ಬುತ್ತದೆ, ಎಣ್ಣೆ ಅಂಗಳಕ್ಕೆ ಇಳಿಯುತ್ತದೆ. ನಮ್ಮ ಬಾವಿ ಕಾರು ನಿಲ್ಲಿಸುವ ಜಾಗದಿಂದ ಹತ್ತು ಹೆಜ್ಜೆ. ನಾನಂತೂ ಹೊಡೆಯುವುದಿಲ್ಲ.

ಲ್ಯಾನೋಲಿನ್ ಬಗ್ಗೆಯೂ ದೂರು ಇಲ್ಲದಿಲ್ಲ. ಹೊಡೆದ ಮೇಲೆ ಒಂದು ವಾರ ಶೆಡ್ಡಿನಲ್ಲಿ ನೆನೆದ ಕುರಿಯ ವಾಸನೆ. ಧೂಳು ಅಂಟಿ ಅಡಿಯೆಲ್ಲ ಗಲೀಜು, ಇನ್ನು ಯಾರಿಗೂ ಬಗ್ಗಿಸಿ ತೋರಿಸುವ ಹಾಗಿಲ್ಲ. ಗೇರ್‌ಬಾಕ್ಸ್ ಕೆಲಸಕ್ಕೆ ಕೊಟ್ಟರೆ ಮೆಕ್ಯಾನಿಕ್ ಮುಖ ಸಿಂಡರಿಸುತ್ತಾನೆ. 2023ರ ಇನ್ಸ್‌ಪೆಕ್ಷನ್‌ನಲ್ಲಿ ಇನ್ಸ್‌ಪೆಕ್ಟರ್ ಅಡಿಗೆ ಬೆರಳು ಹಾಕಿ, ಜಿಡ್ಡು ಅಂಟಿಸಿಕೊಂಡು, ಒರೆಸಲು ಬಟ್ಟೆ ಹುಡುಕುತ್ತಿದ್ದರು. ಆರ್‌ಸಿ ಮತ್ತೆ ಐದು ವರ್ಷಕ್ಕೆ ಸಿಕ್ಕಿತು.

ಇದು ಎಲ್ಲರಿಗೂ ಬೇಕೂ ಇಲ್ಲ. ಬೆಂಗಳೂರಲ್ಲಿರುವ ತಮ್ಮನ 2005ರ ಕಾರಿಗೆ ಯಾವ ಕೋಟಿಂಗೂ ಇಲ್ಲ, ಪ್ಲಾಟ್‌ಫಾರಂ ಇನ್ನೂ ಠಣ್ ಅನ್ನುತ್ತದೆ. ಈಗಿನ ಕಾರುಗಳಲ್ಲಿ ಸತು ಲೇಪಿಸಿದ ತಗಡೇ ಜಾಸ್ತಿ. ಸಮುದ್ರದ ಬದಿಯಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಮಾತ್ರ ಈ ಮಾತು.

ವೆಲ್ಡ್ ಮಾಡಿದ ಜಾಗಗಳನ್ನು ಪ್ರತಿ ಮೇಯಲ್ಲಿ ಬಡಿದು ನೋಡುತ್ತೇನೆ, ಇದುವರೆಗೆ ಗಟ್ಟಿ. ಆದರೆ ಡ್ರೈವರ್ ಡೋರಿನ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಡೋರಿನ ಒಳಗೆ ಹೊಡೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಬರುವ ಮೇಯಲ್ಲಿ ಡೋರಿನ ಒಳಬದಿಯ ಟ್ರಿಮ್ ಹಲಗೆ ಬಿಚ್ಚಬೇಕು.