ಕರಿಮಣ್ಣಿನ ಧೂಳಿನಲ್ಲಿ ಎರಡು ಕ್ಯಾಮೆರಾಗಳು: ಹತ್ತು ವರ್ಷಗಳ ಬಳಕೆ

ಗಂಗಾವತಿ ಕಡೆ ಭತ್ತದ ಕೊಯ್ಲು ಶುರುವಾದರೆ ನಾನು ಮೊದಲು ಮಾಡುವ ಕೆಲಸ, ಸಣ್ಣ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಕಪಾಟಿನಲ್ಲಿ ಎತ್ತಿಡುವುದು. ಕೊಯ್ಲಿನ ಯಂತ್ರ ಗದ್ದೆಯಲ್ಲಿ ಒಂದು ಸುತ್ತು ಹಾಕಿತೆಂದರೆ ಹೊಟ್ಟಿನ ಧೂಳು ರಸ್ತೆ ದಾಟಿ ಬರುತ್ತದೆ. ಆ ಗಾಳಿಯಲ್ಲಿ ಸಣ್ಣ ಕ್ಯಾಮೆರಾದ ಗುಂಡಿ ಒತ್ತಿ ಲೆನ್ಸ್ ಹೊರಗೆ ಬರುವಂತೆ ಮಾಡುವ ಧೈರ್ಯ ನನಗೆ ಈಗ ಇಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ರಜೆ ಸಿಕ್ಕರೆ ಕೊಪ್ಪಳ, ರಾಯಚೂರು ಜಿಲ್ಲೆಗಳ ಊರೂರು ಸುತ್ತಿ ಶಾಸನ, ವೀರಗಲ್ಲು, ಹಳೆಯ ಗುಡಿಗಳ ಫೋಟೋ ತೆಗೆಯುತ್ತೇನೆ. 2015ರಲ್ಲಿ ಕಿಸೆಯಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾ ಕೊಂಡೆ. 2019ರಲ್ಲಿ ಲೆನ್ಸ್ ಕಳಚಿ ಬದಲಿಸಬಹುದಾದ, ಒಳಗೆ ಕನ್ನಡಿ ಇಲ್ಲದ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಎರಡೂ ಇವತ್ತಿಗೂ ನನ್ನ ಬಳಿ ಇವೆ, ಎರಡೂ ಕೆಲಸ ಮಾಡುತ್ತಿವೆ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ನಾನು ಹೇಳುವುದರಲ್ಲಿ ಬಹುಪಾಲು ಈ ಎರಡು ಜಾತಿಯ ಎಲ್ಲ ಕ್ಯಾಮೆರಾಗಳಿಗೂ ಸಲ್ಲುವ ಮಾತು.

ಸಣ್ಣದರ ವಿವರ: ಒಂದು ಇಂಚಿನದೆಂದು ಕರೆಯುವ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಫಲಕ), 20 ಮೆಗಾಪಿಕ್ಸೆಲ್, 24ರಿಂದ 70 ಮಿಲಿಮೀಟರ್‌ಗೆ ಸಮನಾದ ಜೂಮ್ (ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಎಫ್/1.8ರಿಂದ 2.8ರವರೆಗಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ತೂಕ ಸುಮಾರು 290 ಗ್ರಾಂ. ಹೆಸರು ಒಂದು ಇಂಚಾದರೂ ಸೆನ್ಸರ್‌ನ ನಿಜವಾದ ಅಳತೆ 13.2 × 8.8 ಮಿಲಿಮೀಟರ್ ಮಾತ್ರ. 2012ರಲ್ಲಿ ಸೋನಿಯ ಆರ್‌ಎಕ್ಸ್100 ಬಂದ ಮೇಲೆ ಈ ಅಳತೆಯ ಸೆನ್ಸರ್ ಕಿಸೆ ಕ್ಯಾಮೆರಾಗಳಲ್ಲಿ ಬಳಕೆಗೆ ಬಂತು. ದೊಡ್ಡದರ ಸೆನ್ಸರ್ 36 × 24 ಮಿಲಿಮೀಟರ್ (ಇದನ್ನೇ ಫುಲ್ ಫ್ರೇಮ್ ಎನ್ನುವುದು), ಅಂದರೆ ವಿಸ್ತೀರ್ಣದಲ್ಲಿ ಏಳು ಪಟ್ಟಿಗಿಂತ ಹೆಚ್ಚು. 24 ಮೆಗಾಪಿಕ್ಸೆಲ್, ಬಾಡಿಯ ತೂಕ 650 ಗ್ರಾಂ. 24–105 ಮಿಲಿಮೀಟರ್ ಎಫ್/4 ಜೂಮ್ ಲೆನ್ಸ್ ಹಾಕಿದರೆ ಒಂದು ಕಿಲೋ 300 ಗ್ರಾಂ. ಲೆನ್ಸ್ ಸೇರಿ ಬೆಲೆ ಎರಡು ಲಕ್ಷ ದಾಟಿತು. ಕಂತು ತೀರಿಸಲು ಒಂದೂವರೆ ವರ್ಷ ಬೇಕಾಯಿತು.

ಏಳು ಪಟ್ಟು ದೊಡ್ಡ ಸೆನ್ಸರ್ ಎಂದ ಮೇಲೆ ಕತ್ತಲಲ್ಲಿ ಏಳು ಪಟ್ಟು ಒಳ್ಳೆಯ ಚಿತ್ರ ಬರುತ್ತದೆ ಎಂದು ನಾನೂ ನಂಬಿದ್ದೆ. ಇಟಗಿಯ ಮಹಾದೇವ ದೇವಾಲಯದಲ್ಲಿ ಆ ನಂಬಿಕೆ ಬಿಟ್ಟುಹೋಯಿತು. 1112ರಲ್ಲಿ ಕಟ್ಟಿದ, ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಎಂದು ಕರೆಸಿಕೊಂಡ ಗುಡಿ ಅದು. ನವರಂಗದ ಕಂಬಗಳಿಗೆ ಬಾಗಿಲಿನಿಂದ ಬರುವ ಬೆಳಕೇ ಗತಿ. ಎರಡೂ ಕ್ಯಾಮೆರಾಗಳಿಂದ ಒಂದೇ ಕಂಬವನ್ನು ಅಗಲ ಕೋನದಲ್ಲಿ ತೆಗೆದು ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಅಕ್ಕಪಕ್ಕ ಇಟ್ಟೆ. ದೊಡ್ಡದು ಮೇಲು, ಆದರೆ ಅಂತರ ಕೂದಲೆಳೆಯಷ್ಟು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಸಣ್ಣ ಸೆನ್ಸರ್‌ನ ಮೇಲಿನ ಎಫ್/1.8, ಬೆಳಕು ಕೂಡಿಸುವುದರಲ್ಲಿ ಫುಲ್ ಫ್ರೇಮ್‌ನ ಸುಮಾರು ಎಫ್/4.9ಕ್ಕೆ ಸಮ. ನನ್ನ ದೊಡ್ಡ ಲೆನ್ಸ್‌ನದು ಎಫ್/4. ಅಂದರೆ ದೊಡ್ಡ ಕ್ಯಾಮೆರಾಕ್ಕೆ ಸಿಗುತ್ತಿದ್ದುದು ಒಂದೂವರೆ ಪಟ್ಟು ಬೆಳಕು ಮಾತ್ರ. ಎರಡು ಲಕ್ಷ ಕೊಟ್ಟವನಿಗೆ ಇದು ಸಣ್ಣ ಸಂಗತಿಯಲ್ಲ. ಅಂಗಡಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಆಮೇಲೆ 50 ಮಿಲಿಮೀಟರ್ ಎಫ್/1.8 ಲೆನ್ಸ್ ಒಂದನ್ನು ಕೊಂಡೆ. ಹಗುರ, ಅಗ್ಗ, ಜೂಮ್ ಇಲ್ಲ. ಅದನ್ನು ಹಾಕಿದ ದಿನವೇ ಆ ಏಳು ಪಟ್ಟು ಎಂಬುದು ಕಣ್ಣಿಗೆ ಕಂಡದ್ದು. ಅದೇ ನವರಂಗದಲ್ಲಿ ಕಂಬದ ಕರಿಕಲ್ಲಿನ ನುಣುಪು, ಕಡೆತದ ಸಣ್ಣ ಗೆರೆ, ನೆರಳಿನ ಒಳಗಿನ ನೆರಳು ಎಲ್ಲವೂ ಬಂತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಹಾಗಾಗಿ ಕೈಯಲ್ಲಿ ಹಿಡಿದೇ ತೆಗೆಯಬೇಕಾದ ನಮ್ಮಂಥವರಿಗೆ ಇಂಥ ಲೆನ್ಸ್ ಮತ್ತು ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಸೇರಿದರೆ ದೊಡ್ಡ ಉಪಕಾರ. ಮಿರರ್‌ಲೆಸ್ ಕೊಳ್ಳುವವರು ದುಡ್ಡು ಸಾಲದಿದ್ದರೆ ದುಬಾರಿ ಜೂಮ್ ಬಿಟ್ಟು ಇಂಥದ್ದೊಂದರಿಂದ ಶುರು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಶಾಸನದ ಕೆಲಸದಲ್ಲಿ ಮಾತ್ರ ಸಣ್ಣದೇ ನನ್ನ ಬಲಗೈ. ಸವೆದ ಶಾಸನವನ್ನು ನೇರ ಬೆಳಕಿನಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಬೆಳಕು ಓರೆಯಾಗಿ, ಕಲ್ಲಿಗೆ ತಾಗಿಕೊಂಡೇ ಹರಿಯಬೇಕು. ಸಂಜೆ ಸೂರ್ಯ ಇಳಿದ ಮೇಲೆ ಎಡಗೈಯಲ್ಲಿ ಟಾರ್ಚ್ ಹಿಡಿದು, ಕಲ್ಲಿನ ಅಂಚಿನಿಂದ ಒಂದು ಗೇಣು ದೂರದಲ್ಲಿ ಇಟ್ಟು, ನಿಧಾನ ಕೆಳಗಿಳಿಸುತ್ತಾ ಹೋಗುತ್ತೇನೆ. ಒಂದು ಕೋನಕ್ಕೆ ಬಂದಾಗ ಬರೀ ಒರಟು ಕಲ್ಲಾಗಿದ್ದುದರಲ್ಲಿ ಸಾಲು ಎದ್ದು ನಿಲ್ಲುತ್ತದೆ: ಮೊದಲು ತಲೆಕಟ್ಟುಗಳು, ಆಮೇಲೆ ಅಕ್ಷರದ ಹೊಟ್ಟೆ, ಕೊನೆಗೆ ಒತ್ತು. ಟಾರ್ಚ್ ಎರಡು ಬೆರಳು ಮೇಲೆ ಹೋದರೆ ಮತ್ತೆ ಮಾಯ. ಆ ಕ್ಷಣಕ್ಕೆ ಬಲಗೈಯಲ್ಲಿ 290 ಗ್ರಾಂನ ಕ್ಯಾಮೆರಾ ಇರಬೇಕು, ಒಂದು ಕಿಲೋ 300 ಗ್ರಾಂನದಲ್ಲ.

ಇನ್ನೊಂದು ಅನುಕೂಲವೂ ಇದೆ. ಸಣ್ಣ ಸೆನ್ಸರ್‌ನಲ್ಲಿ ಎಫ್/2.8 ಇಟ್ಟರೂ ಕಲ್ಲಿನ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲವೂ ಸ್ಪಷ್ಟ. ದೊಡ್ಡದರಲ್ಲಿ ಅಷ್ಟೇ ಸ್ಪಷ್ಟತೆ ಬೇಕಾದರೆ ಎಫ್/8ರ ಹತ್ತಿರಕ್ಕೆ ಮುಚ್ಚಬೇಕು, ಬೆಳಕು ಸಾಲದೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಏರಿಸಬೇಕು. ದೊಡ್ಡ ಸೆನ್ಸರ್‌ನ ಲಾಭ ಅಲ್ಲಿಗೆ ಕರಗಿತು. ಹಿನ್ನೆಲೆ ಮಸುಕಾಗಿ ಕಾಣುವ ಅಂದ ಮದುವೆಯ ಫೋಟೋಕ್ಕೆ ಚೆಂದ. ಶಾಸನದ ಕೊನೆಯ ಸಾಲು ಮಸುಕಾದರೆ ಅರಸನ ಹೆಸರಿದ್ದೂ ತಿಥಿ ಸಿಗದೆ ಹೋಗಬಹುದು.

ಹಿರೇಬೆಣಕಲ್‌ನ ಮೋರ್ಯರ ಗುಡ್ಡದಲ್ಲೂ ಹಾಗೆಯೇ. ಅಲ್ಲಿನ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚಿದ್ದಾರೆ. ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಲುಮನೆಗಳಲ್ಲಿ ಕೆಲವಕ್ಕೆ ಒಂದು ಬದಿಗೆ ದುಂಡನೆಯ ಕಿಂಡಿ ಇದೆ. ಆ ಕಿಂಡಿಯಲ್ಲಿ ಸಣ್ಣ ಕ್ಯಾಮೆರಾ ಹಿಡಿದ ಕೈಯನ್ನು ಮೊಣಕೈವರೆಗೆ ತೂರಿಸಿ, ಪರದೆಯನ್ನು ಮೇಲಕ್ಕೆ ಮಡಿಸಿ, ಹೊರಗಿನಿಂದಲೇ ಒಳಗಿನ ಗೋಡೆ ನೋಡಿಕೊಂಡು ಕ್ಲಿಕ್ಕಿಸಿದ್ದೇನೆ. ಕಲ್ಲಿಗೆ ಏನೂ ತಾಗಲಿಲ್ಲ, ಯಾವುದನ್ನೂ ತುಳಿಯಲಿಲ್ಲ.

ಮಂದಿಯ ನಡುವೆಯೂ ಸಣ್ಣದೇ ಸಲೀಸು. ಮಸ್ಕಿ ದಾರಿಯಲ್ಲಿ ಹತ್ತಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ಅದನ್ನು ನೋಡಿ, “ಇಷ್ಟು ಸಣ್ಣದರಲ್ಲಿ ನಾನು ಹಿಡಿಸುತ್ತೇನೇನು ತಮ್ಮಾ?” ಎಂದು ನಕ್ಕರು, ಆ ನಗುವೇ ಚಿತ್ರದಲ್ಲಿ ಉಳಿದಿದೆ. ಮರುವರ್ಷ ಅದೇ ಹೊಲಕ್ಕೆ ದೊಡ್ಡ ಕ್ಯಾಮೆರಾ ಒಯ್ದಾಗ ಅವರು ಸೆರಗು ಸರಿಮಾಡಿಕೊಂಡು, ಕೈ ಕಟ್ಟಿ, ಸ್ಟುಡಿಯೋದಲ್ಲಿ ನಿಂತಂತೆ ನಿಂತರು. ಕಿನ್ನಾಳದ ಚಿತ್ರಗಾರರ ಮನೆಯ ಸಣ್ಣ ಕೋಣೆಯಲ್ಲಿ ಗೊಂಬೆಗೆ ಬಣ್ಣ ಹಚ್ಚುವ ಕೈಗಳನ್ನು ತೆಗೆದದ್ದೂ ಸಣ್ಣದರಲ್ಲೇ. ಲೆನ್ಸ್‌ನೊಳಗೇ ಇರುವ ಅದರ ಎಲೆ ಶಟರ್‌ಗೆ ಸದ್ದೇ ಇಲ್ಲ. ಕುಂಚ ಹಿಡಿದವರು ಒಮ್ಮೆಯೂ ತಲೆ ಎತ್ತಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಧೂಳಿನ ಮಾತು.

2018ರ ಬೇಸಿಗೆಯಲ್ಲಿ ಸಣ್ಣ ಕ್ಯಾಮೆರಾದ ಲೆನ್ಸ್ ಹೊರಬರುವಾಗ ‘ಕರ್’ ಎಂಬ ಸಣ್ಣ ಸದ್ದು ಶುರುವಾಯಿತು. ಲೆನ್ಸ್ ಮುಚ್ಚುವ ತೆಳ್ಳನೆಯ ಎಸಳುಗಳಲ್ಲಿ ಒಂದು ಅರ್ಧಕ್ಕೇ ನಿಲ್ಲತೊಡಗಿತು. ಭೂತಗನ್ನಡಿ ಹಿಡಿದು ನೋಡಿದರೆ ಎಸಳಿನ ಸಂದಿಯಲ್ಲಿ ಎರೆಮಣ್ಣಿನ ಕರಿ ಕಣಗಳು, ಲೆನ್ಸ್ ಕೊಳವೆಯ ಸುತ್ತ ಕೂದಲಿನಂಥ ಅರಳೆಯ ಎಳೆ. ಅದೇ ತಿಂಗಳು ಎಲ್ಲ ಚಿತ್ರಗಳ ಆಕಾಶದಲ್ಲೂ ಒಂದೇ ಜಾಗದಲ್ಲಿ ಬೂದು ಚುಕ್ಕೆ. ಧೂಳು ಸೆನ್ಸರ್ ಮುಟ್ಟಿತ್ತು.

ಇದು ನನ್ನ ಅಜಾಗರೂಕತೆಯಿಂದ ಮಾತ್ರ ಆದದ್ದಲ್ಲ. ಕೊಳವೆಯೊಳಗೆ ಕೊಳವೆ ಇರುವ ಲೆನ್ಸ್ ಪ್ರತಿ ಸಲ ಹೊರಬಂದಾಗ ಒಳಗಿನ ಜಾಗ ಹಿಗ್ಗುತ್ತದೆ, ಹೊರಗಿನ ಗಾಳಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ಕಮ್ಮಾರನ ತಿದಿ ಇದ್ದಂತೆ. ಗಾಳಿಯ ಜೊತೆ ಧೂಳೂ ಹೋಗುತ್ತದೆ, ಗಾಳಿ ಹೊರಬಂದರೂ ಧೂಳು ಒಳಗೇ ಕೂರುತ್ತದೆ. ತೆಗೆಯೋಣವೆಂದರೆ ಲೆನ್ಸ್ ಕಳಚುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಬಿಚ್ಚುವವರು ಸಿಗಲಿಲ್ಲ, ಬೆಂಗಳೂರಿಗೆ ಕಳುಹಿಸಿದೆ. ಸ್ವಚ್ಛಗೊಳಿಸಲು ಆಗುವುದಿಲ್ಲ, ಲೆನ್ಸ್ ಭಾಗವನ್ನೇ ಪೂರ್ತಿ ಬದಲಿಸಬೇಕು ಎಂದರು. ಕ್ಯಾಮೆರಾದ ಬೆಲೆಯ ಹತ್ತಿರ ಹತ್ತಿರ ಅರ್ಧ ಕೊಟ್ಟು, ಎರಡು ತಿಂಗಳು ಕಾದು ವಾಪಸ್ ಪಡೆದೆ. ಸಮುದ್ರದ ಬದಿಯವರು, ಮಲೆನಾಡಿನವರು ಬರೆದ ವಿಮರ್ಶೆಗಳಲ್ಲಿ ಈ ಮಾತು ಬರದಿರಬಹುದು. ಎರೆಹೊಲದ ನಾಡಿನಲ್ಲಿ ಕ್ಯಾಮೆರಾ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು.

ಮಿರರ್‌ಲೆಸ್‌ಗೆ ಧೂಳು ಬರುವುದಿಲ್ಲವೇ? ಇನ್ನೂ ಹೆಚ್ಚು ಬರುತ್ತದೆ. ಲೆನ್ಸ್ ಕಳಚಿದರೆ ಸೆನ್ಸರ್ ಬಾಗಿಲಲ್ಲೇ ಕಾಣುತ್ತದೆ, ಹಳೆಯ ಎಸ್‌ಎಲ್‌ಆರ್‌ನಲ್ಲಿದ್ದಂತೆ ಕನ್ನಡಿಯ ಮರೆ ಇಲ್ಲ. ಆದರೆ ಅದನ್ನು ನನ್ನ ಕೈಯಾರೆ ತೆಗೆಯಬಹುದು. ತಿಂಗಳಿಗೊಮ್ಮೆ ಅಪರ್ಚರನ್ನು ಎಫ್/16ಕ್ಕೆ ಇಟ್ಟು ಬರೀ ಆಕಾಶದ ಚಿತ್ರ ತೆಗೆಯುತ್ತೇನೆ. ಚುಕ್ಕೆ ಇದ್ದರೆ ಅದರಲ್ಲಿ ಅಡಗಿಕೊಳ್ಳಲಾರದು. ಆಮೇಲೆ ಫ್ಯಾನ್ ನಿಲ್ಲಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರ್ ಊದುಬುರುಡೆಯಿಂದ ನಾಲ್ಕು ಸಲ ಊದುತ್ತೇನೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಹೊರಗೆ ಲೆನ್ಸ್ ಬದಲಿಸಲೇಬೇಕಾದರೆ ಸ್ವಿಚ್ ಆರಿಸಿ, ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ನೆಲದ ಕಡೆಗೆ ಮಾಡಿ ಬದಲಿಸುತ್ತೇನೆ. ಆರು ವರ್ಷಗಳಲ್ಲಿ ಎರಡೇ ಸಲ ಸೆನ್ಸರ್ ಒರೆಸುವ ಒದ್ದೆ ಸ್ವಾಬ್ ಬೇಕಾಯಿತು. ರಿಪೇರಿಗೆ ಒಂದು ರೂಪಾಯಿಯೂ ಹೋಗಿಲ್ಲ.

ದೊಡ್ಡದು ಬೇಕೇ ಬೇಕು ಎನಿಸುವ ಜಾಗಗಳೂ ಇವೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಕಲ್ಲಿದೆ. ಅದನ್ನು ಸಣ್ಣದರಲ್ಲಿ ಒಂದೇ ಸಲಕ್ಕೆ ಅಗಲ ಕೋನದಿಂದ ತೆಗೆದರೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಮಿರರ್‌ಲೆಸ್‌ನಲ್ಲಿ 105ಕ್ಕೆ ಜೂಮ್ ಮಾಡಿ ತುಂಡು ತುಂಡಾಗಿ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿದೆ. ಈಗ ತರಗತಿಯ ಗೋಡೆಯ ಮೇಲೆ ಮೂಡಿಸಿದರೆ ಮಕ್ಕಳು ಅಕ್ಷರ ಎಣಿಸುತ್ತಾರೆ. ಅದು ಮೇ ತಿಂಗಳ ಬಿಸಿಲು. ಪರದೆಯಲ್ಲಿ ನನ್ನ ಮುಖ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಣ್ಣಿಗೆ ಒತ್ತಿಕೊಳ್ಳುವ ದೊಡ್ಡ ವ್ಯೂಫೈಂಡರ್ ಇಲ್ಲದಿದ್ದರೆ ರಾಯಚೂರಿನ ಬೇಸಿಗೆಯಲ್ಲಿ ಕುರುಡಾಗಿ ಕ್ಲಿಕ್ಕಿಸಿದಂತೆಯೇ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು ಎಳೆಯುವ ಸಂಜೆಯೂ ದೊಡ್ಡದರ ಪಾಲು. ಲಕ್ಷಾಂತರ ಜನ, ಇಳಿಯುವ ಬೆಳಕು, ತೇರಿಗೆ ಎಸೆಯುವ ಉತ್ತತ್ತಿ ಗಾಳಿಯಲ್ಲಿ. ಕಣ್ಣನ್ನು ಹುಡುಕಿ ಹಿಡಿಯುವ ಅದರ ಫೋಕಸ್, ಸೆಕೆಂಡಿಗೆ ಹತ್ತು ಚಿತ್ರದ ವೇಗ ಅಲ್ಲಿ ಕೈಹಿಡಿದವು. ಸಣ್ಣದು ಫೋಕಸ್‌ಗೆ ತಡಕಾಡುವಷ್ಟರಲ್ಲಿ ತೇರು ಮುಂದೆ ಹೋಗಿರುತ್ತದೆ. ದರೋಜಿ ಕರಡಿಧಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ: ವೀಕ್ಷಣಾ ಗೋಪುರದಿಂದ ಕರಡಿ ನೋಡಲು 70 ಮಿಲಿಮೀಟರ್ ಏನಕ್ಕೂ ಸಾಲದು.

ಬ್ಯಾಟರಿಯಲ್ಲಿ ಹೋಲಿಕೆಯೇ ಇಲ್ಲ. ದೊಡ್ಡದು ಒಂದು ಚಾರ್ಜ್‌ಗೆ ಏಳುನೂರರಷ್ಟು ಚಿತ್ರ ಕೊಡುತ್ತದೆ. ಸಣ್ಣದು ಮುನ್ನೂರು ದಾಟಿದರೆ ಹೆಚ್ಚು. ಸಣ್ಣದಕ್ಕೆ ಎರಡು ಬ್ಯಾಟರಿ ಹೆಚ್ಚಿಗೆ ಇಟ್ಟುಕೊಂಡಿದ್ದೇನೆ.

ಮೊಬೈಲ್ ಇರುವಾಗ ಸಣ್ಣ ಕ್ಯಾಮೆರಾ ಯಾಕೆ ಎಂದು ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ. ದಿನದ ಚಿತ್ರಗಳಿಗೆ ಮೊಬೈಲ್ ಸಾಕು, ನಾನೂ ಅದನ್ನೇ ಬಳಸುತ್ತೇನೆ. ಆದರೆ ಓರೆ ಬೆಳಕಿನ ಶಾಸನವನ್ನು ಮೊಬೈಲ್ ತನ್ನಿಷ್ಟದಂತೆ ತಿದ್ದುತ್ತದೆ, ನೆರಳನ್ನು ಎತ್ತಿ ಬೆಳಗಿಸುತ್ತದೆ, ಕಲ್ಲಿನ ಒರಟನ್ನು ನುಣುಪು ಮಾಡುತ್ತದೆ. ನನಗೆ ಬೇಕಾದ ಅಕ್ಷರ ಇರುವುದೇ ಆ ನೆರಳಿನಲ್ಲಿ.

ಒಂದನ್ನೇ ಕೊಳ್ಳುವ ಶಕ್ತಿ ಇದ್ದರೆ ಯಾವುದು? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇದ್ದುಕೊಂಡು, ವರ್ಷವಿಡೀ ಹೊರಗೆ ಸುತ್ತುವವರಿಗೆ ನನ್ನ ಉತ್ತರ ಮಿರರ್‌ಲೆಸ್, ಅದೂ ಜೂಮ್ ಇಲ್ಲದ ಒಂದು ಸಣ್ಣ ಲೆನ್ಸ್ ಜೊತೆ. ಕೆಲಸದ ದೃಷ್ಟಿಯಿಂದ ನನ್ನ ಮನಸ್ಸು ಸಣ್ಣದರ ಕಡೆಗೇ ಇದೆ. ಬಾಳಿಕೆಯ ದೃಷ್ಟಿಯಿಂದ ಅದನ್ನು ಶಿಫಾರಸು ಮಾಡಲು ಬಾಯಿ ಬರುವುದಿಲ್ಲ. ಶಾಸನ, ಗುಡಿಗಳ ಒಳಾಂಗಣ, ಮನೆಯೊಳಗಿನ ಚಿತ್ರ ಎಂದು ಧೂಳಿಲ್ಲದ ಕೆಲಸವೇ ಹೆಚ್ಚಿದ್ದರೆ ಸಣ್ಣದನ್ನು ಧಾರಾಳವಾಗಿ ಕೊಳ್ಳಿ. ಹೊಲ, ಜಿನ್ನಿಂಗ್ ಮಿಲ್, ಅಕ್ಕಿ ಗಿರಣಿ, ಸಂಡೂರಿನ ಅದಿರು ಲಾರಿಗಳ ರಸ್ತೆಯ ಹತ್ತಿರ ಅದನ್ನು ಹೊರಗೆ ತೆಗೆಯಬೇಡಿ.

ಸಣ್ಣದರ ಲೆನ್ಸ್ ಭಾಗ ಬದಲಿಸಿದ ಮೇಲೆ ನಾನು ಪಾಲಿಸುತ್ತಿರುವ ಕ್ರಮ ಇದು: ಜಿಪ್ ಚೀಲ, ಅದರ ಮೇಲೆ ಹಳೆಯ ಹತ್ತಿ ಪಂಚೆಯಿಂದ ಹೊಲಿಸಿದ ಸಂಚಿ, ವಾರಕ್ಕೊಮ್ಮೆ ಮೆತ್ತನೆಯ ಬ್ರಷ್‌ನಿಂದ ಎಸಳುಗಳ ಸುತ್ತ ಒರೆಸುವುದು, ಚಿತ್ರಗಳ ನಡುವೆ ಪದೇ ಪದೇ ಆರಿಸಿ ಹಚ್ಚದೆ ಲೆನ್ಸ್ ಹೊರಗೇ ಇರಲು ಬಿಡುವುದು. ಹೀಗೆ ಏಳು ವರ್ಷ ನಡೆದಿದೆ. ಕಳೆದ ತಿಂಗಳು ಆಕಾಶದ ಚಿತ್ರದಲ್ಲಿ ಬಲಗಡೆ ಮೇಲಿನ ಮೂಲೆಗೆ ಒಂದು ಮಸುಕು ಚುಕ್ಕೆ ಕಾಣಿಸಿಕೊಂಡಿದೆ. ಶಾಸನದ ಕಲ್ಲಿನ ಮೇಲೆ ಅದು ಕಾಣುವುದಿಲ್ಲ. ಈ ಕೊಯ್ಲು ಮುಗಿಯುವವರೆಗೆ ಸಣ್ಣ ಕ್ಯಾಮೆರಾ ಕಪಾಟಿನಲ್ಲೇ ಇರಲಿ ಎಂದುಕೊಂಡಿದ್ದೇನೆ.