ವರ್ಷದ ದಾಸ್ತಾನಿಗೆ ರಾಗಿಯೋ, ಅಕ್ಕಿಯೋ, ಜೋಳವೋ?

ವರ್ಷಕ್ಕಾಗುವಷ್ಟು ಧಾನ್ಯವನ್ನು ಸುಗ್ಗಿಯಲ್ಲೇ ಕೊಂಡು ತುಂಬಿಡಬೇಕು, ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಮನೆಯವರು ಉಣ್ಣದ ಧಾನ್ಯವನ್ನು ಅಗ್ಗವೆಂದು ತಂದರೆ ದಂಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಳಿಕೆಯಲ್ಲಿ ರಾಗಿಗೆ ಎದುರಿಲ್ಲ. ಕಾಳು ಸಣ್ಣದು, ಒಳಹೊಕ್ಕು ಬೆಳೆಯಲು ಹುಳುವಿಗೆ ಜಾಗವಿಲ್ಲ. ಹಳೇ ಮೈಸೂರಿನ ಕಡೆ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಚೆನ್ನಾಗಿ ಒಣಗಿರಬೇಕು, ಅಷ್ಟೇ: ನಾಲ್ಕು ಕಾಳು ಕಚ್ಚಿದರೆ ಕಟಕ್ಕೆನ್ನಬೇಕು. ಜೋಳಕ್ಕೆ ಈ ಭಾಗ್ಯವಿಲ್ಲ. ಮಳೆಗಾಲದಲ್ಲಿ ಹುಳು ಕಾಳನ್ನು ಕೊರೆದು ಟೊಳ್ಳು ಮಾಡುತ್ತದೆ. ಆಗಾಗ ಬಿಸಿಲಿಗೆ ಹರವಿ, ಮೊರದಲ್ಲಿ ಕೇರಬೇಕು. ಪಾಲಿಶ್ ಆದ ಅಕ್ಕಿಗೂ ಹುಳುವಿನ ಕಾಟ ತಪ್ಪಿದ್ದಲ್ಲ, ಆದರೆ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ. ಪಾಲಿಶ್ ಮಾಡದ ಅಕ್ಕಿ ಮಾತ್ರ ತೌಡಿನ ಎಣ್ಣೆಯಂಶದಿಂದ ಕೆಲವೇ ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಕೆಲವರು ಅಕ್ಕಿಗೆ ಬೋರಿಕ್ ಪುಡಿ ಬೆರೆಸುತ್ತಾರೆ, ದಯವಿಟ್ಟು ಬೇಡ. ಒಣಗಿಸಿದ ಬೇವಿನೆಲೆ, ಬಿಗಿಯಾದ ಮುಚ್ಚಳದ ಡ್ರಮ್ ಇರಲಿ.

ಕೆಲಸದ ಲೆಕ್ಕದಲ್ಲಿ ಅಕ್ಕಿ ಹಗುರ. ರಾಗಿ, ಜೋಳಕ್ಕೆ ಗಿರಣಿಯ ಓಡಾಟ ತಪ್ಪದು. ಒಮ್ಮೆಲೇ ಬೀಸಿಟ್ಟರೆ ಹಿಟ್ಟು ಬೇಗ ಹಳಸುತ್ತದೆ. ಬೆಲೆ ಮೂರಕ್ಕೂ ಸುಗ್ಗಿಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ.

ಮುದ್ದೆಯ ಮನೆ, ಹತ್ತಿರದಲ್ಲೇ ಗಿರಣಿ ಎಂದಾದರೆ ರಾಗಿಯನ್ನು ಧೈರ್ಯವಾಗಿ ವರ್ಷಕ್ಕೆ ತುಂಬಿ. ದಿನವೂ ರೊಟ್ಟಿ ಬಡಿಯುವವರು, ಒಣಗಿಸಲು ಮಾಳಿಗೆ ಇದ್ದವರು ಜೋಳ ಇಡಬಹುದು. ಬೆಂಗಳೂರಿನ ಫ್ಲಾಟಿನಲ್ಲಿ ಬಿಸಿಲೂ ಜಾಗವೂ ಇಲ್ಲದವರಿಗೆ ಮೂರು ತಿಂಗಳ ಅಕ್ಕಿಯೇ ಸಾಕು.