ಕಬ್ಬಿಣದ ಚಿಪ್ಸ್ ಎಳೆದ ವ್ಯಾಕ್ಯೂಮ್ ಕ್ಲೀನರ್: ಮನೆಯಲ್ಲಿ ಶೆಡ್ ಇಟ್ಟುಕೊಂಡವರು ಓದಿ

ಮನೆ ಹಿಂದೆ ಶೆಡ್ ಹಾಕಿಕೊಂಡು ಗ್ರೈಂಡರ್, ಡ್ರಿಲ್ಲು, ಲೋಹ ತಿರುಗಿಸಿ ಕಡೆಯೋ ಸಣ್ಣ ಲೇತ್ ಇಟ್ಟುಕೊಂಡಿದ್ದೀರಾ? ಕಬ್ಬಿಣದ ಪುಡಿ, ಚಿಪ್ಸ್ (ಲೋಹ ಕೊರೆದಾಗ, ಕಡೆದಾಗ ಬರೋ ಚೂರು, ಸುರುಳಿ) ತೆಗೆಯೋಕೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ. ಮರದ ಹೊಟ್ಟು ಎಳೆದ ಮೆಷಿನ್ ಆದರಂತೂ ಬೇಡವೇ ಬೇಡ. ತುಮಕೂರಿನಲ್ಲಿ ನಮ್ಮ ಶೆಡ್ಡಿಗೆ ಹೋದ ಬೇಸಿಗೆಯಲ್ಲಿ ಬೆಂಕಿ ಬಿದ್ದದ್ದು ಇದರಿಂದಲೇ.

ಶೆಡ್ ನನ್ನದೂ ನಮ್ಮ ಭಾಮೈದನದೂ. ಅವನದು ಗೇಟು, ಕಿಟಕಿ ಗ್ರಿಲ್ಲು, ಜೊತೆಗೆ ಒಂದಷ್ಟು ಮರಗೆಲಸ. ನಾನು ಬಿಡುವಿದ್ದಾಗ ಲೇತಿನಲ್ಲಿ ಬುಷ್ಷು, ಪುಲ್ಲಿ ಮಾಡಿಕೊಡುತ್ತೇನೆ. ದಿನಾ ಸಂಜೆ ಗುಡಿಸೋದು ತಲೆನೋವು ಅಂತ ಅವನು ನೀರೂ ಧೂಳೂ ಎರಡನ್ನೂ ಎಳೆಯುವ ಡ್ರಮ್ಮಿನ ಮೆಷಿನ್ ತಂದ. ಅಂಗಡಿಯಲ್ಲಿ ಅದನ್ನು ತೋರಿಸಿದ ಹುಡುಗ ಕೌಂಟರ್ ಮೇಲೆ ನಟ್ಟು ಬೋಲ್ಟು ಸುರಿದು, ಒಂದೊಂದನ್ನೇ ಪೈಪಿಗೆ ಎಳೆಸಿ, ‘ಅಣ್ಣಾ, ಕಬ್ಬಿಣ ಆದ್ರೂ ಸೈ, ಏನ್ ಬೇಕಾದ್ರೂ ಎಳೀರಿ’ ಅಂದನಂತೆ. ತಣ್ಣಗಿರೋ ನಟ್ಟು ಯಾವ ಮೆಷಿನ್ನಾದರೂ ಎಳೆಯುತ್ತೆ ಬಿಡಿ.

ಅವತ್ತು ಅವನು ಗೇಟಿಗೆ ಆಂಗಲ್ ಕಟ್ ಮಾಡಿದ್ದ. ಗ್ರೈಂಡರ್ ಆಫ್ ಮಾಡಿ, ಕೆಳಗೆ ಬಿದ್ದದ್ದನ್ನೆಲ್ಲ ಎಳೆಸಿ, ಬಾಗಿಲು ಹಾಕಿ ಊಟಕ್ಕೆ ಬಂದ. ಡ್ರಮ್ಮಿನಲ್ಲಿ ಮೊದಲೇ ಮರದ ಹೊಟ್ಟಿತ್ತು, ಹಿಂದಿನ ದಿನ ನನ್ನ ಲೇತಿನಿಂದ ಬಂದ ಅಲ್ಯೂಮಿನಿಯಂ ಚೂರೂ ಇತ್ತು. ಊಟ ಮುಗಿಯೋ ಹೊತ್ತಿಗೆ ನಮ್ಮಕ್ಕ ‘ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆ, ನೋಡ್ರೋ’ ಅಂದಳು. ಬಾಗಿಲು ತೆಗೆದರೆ ಶೆಡ್ ತುಂಬಾ ಹೊಗೆ. ಮೆಷಿನ್ನಿನ ಮುಚ್ಚಳ ಕರಗಿ ಒಂದು ಕಡೆಗೆ ವಾಲಿತ್ತು, ಅದರ ಬುಡದಲ್ಲಿ ಕೆಂಪಗೆ ಕೆಂಡ.

ಭಾಮೈದ ಬಕೆಟ್ ನೀರು ಎತ್ತಿಕೊಂಡ. ತಡೆದೆ. ಅಲ್ಯೂಮಿನಿಯಂ ಪುಡಿಗೆ ಬೆಂಕಿ ಹತ್ತಿದ್ದರೆ ನೀರು ಬಿದ್ದಾಗ ಹೈಡ್ರೋಜನ್ ಹುಟ್ಟಿ ಸಿಡಿಯುತ್ತೆ. ಮೆಷಿನ್ ಇನ್ನೂ ಪ್ಲಗ್ಗಿನಲ್ಲೇ ಇತ್ತು, ಶಾಕ್ ಹೊಡೆಯೋ ಭಯ ಬೇರೆ. ಮೊದಲು ಮೇನ್ ಇಳಿಸಿದೆವು. ಪಕ್ಕದ ಸೈಟಿನಲ್ಲಿ ಮನೆ ಕಟ್ಟೋಕೆ ಸುರಿದಿದ್ದ ಎಂ-ಸ್ಯಾಂಡ್ ಬಿಸಿಲಿಗೆ ಒಣಗಿ ನಿಂತಿತ್ತು. ಬಾಂಡ್ಲಿ ಬಾಂಡ್ಲಿ ತಂದು ಸುರಿದು ಮುಚ್ಚಿದೆವು. ಮರಳಾದರೂ ಒಣಗಿದ್ದೇ ಆಗಬೇಕು, ಹಸಿ ಮರಳಿನಲ್ಲೂ ನೀರಿರುತ್ತಲ್ಲ. ಗೋಡೆ ಕಪ್ಪಾಯಿತು, ಸ್ವಿಚ್ ಬೋರ್ಡ್ ಹೋಯಿತು, ಲೇತ್ ಉಳಿಯಿತು.

ಕೆಳಗೆ ಬಿದ್ದ ಕಿಡಿ ಕಪ್ಪಾದ ಮಾತ್ರಕ್ಕೆ ಆರಿತು ಅಂದುಕೊಳ್ಳುತ್ತೇವೆ. ಗ್ರೈಂಡರ್ ಕಿಡಿ ಅಂದರೆ ಗಾಳಿಯಲ್ಲಿ ಉರಿಯುತ್ತಾ ಹಾರುವ ಕಬ್ಬಿಣದ ಚೂರು. ಲೇತಿನಿಂದ ನೀಲಿಯಾಗಿ ಸುರುಳಿ ಸುತ್ತಿ ಬರುವ ಉಕ್ಕಿನ ಚಿಪ್ಸ್ ನೋಡಿದ್ದೀರಲ್ಲ, ಆ ನೀಲಿ ಬಣ್ಣ ಬರೋದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿಗೆ. ಅಂಥದ್ದೊಂದು ಹೊಟ್ಟಿನೊಳಗೆ ಕೂತರೆ, ಮೆಷಿನ್ ಗಾಳಿ ಕುಲುಮೆಗೆ ತಿದಿ ಒತ್ತಿದ ಹಾಗೆ ಕೆಲಸ ಮಾಡುತ್ತೆ. ಸ್ವಿಚ್ ಆಫ್ ಮಾಡಿದ ಮೇಲೂ ಹೊಟ್ಟು ಒಳಗೊಳಗೇ ಹೊಗೆಯಾಡುತ್ತಾ ಇರುತ್ತೆ. ನಾವು ಬೀಗ ಹಾಕಿಕೊಂಡು ಹೋಗಿ ಉಣ್ಣುತ್ತಾ ಕೂತಿರುತ್ತೇವೆ.

ತುಕ್ಕಿನ ಪುಡಿ, ಅಲ್ಯೂಮಿನಿಯಂ ಪುಡಿ ಸೇರಿದರೆ ಇನ್ನೊಂದು ಪೀಡೆ. ರೈಲು ಹಳಿ ಬೆಸೆಯೋಕೆ ಥರ್ಮಿಟ್ ಅಂತ ಬಳಸುತ್ತಾರಲ್ಲ, ಅದರಲ್ಲಿ ಮುಖ್ಯವಾಗಿ ಇರೋದು ಇವೆರಡೇ. ಹತ್ತಿಕೊಂಡರೆ ಕಾವು 2000 ಡಿಗ್ರಿ ದಾಟುತ್ತೆ. ಸುಲಭಕ್ಕೆ ಹತ್ತೋದಿಲ್ಲ ನಿಜ, ನಮ್ಮಲ್ಲಿ ಹತ್ತಿದ್ದು ಹೊಟ್ಟೇ ಅಂತ ನನ್ನ ಲೆಕ್ಕ. ಆದರೂ ಎರಡನ್ನೂ ಒಂದೇ ಡ್ರಮ್ಮಿಗೆ ತುಂಬೋ ಹುಂಬತನ ಯಾಕೆ?

ಮೆಷಿನ್ ಮೊದಲೇ ಸೂಚನೆ ಕೊಟ್ಟಿತ್ತು. ಎಳೆತ ಕಮ್ಮಿಯಾಗಿತ್ತು, ಸದ್ದು ಕೀರಲಾಗಿತ್ತು, ಪ್ಲಾಸ್ಟಿಕ್ ಪೈಪ್ ಮುಟ್ಟಿದರೆ ಚುರ್ ಅನ್ನುತ್ತಿತ್ತು. ರಿಪೇರಿಯವರು ಬಿಚ್ಚಿ ತೋರಿಸಿದರು: ಉಳಿದ ಫಿಲ್ಟರ್ ತುಂಡಿನಲ್ಲಿ ಅಂಚು ಕರಕಲಾದ ಸಣ್ಣ ಸಣ್ಣ ತೂತು. ಅದರಲ್ಲಿ ನುಗ್ಗಿದ ಕಬ್ಬಿಣದ ಪುಡಿ ಮೋಟರಿನೊಳಗೆ ತಿರುಗೋ ಆರ್ಮೇಚರ್ ಸಂದಿಯಲ್ಲಿ ಮೆತ್ತಿಕೊಂಡಿತ್ತು. ಈ ಮೋಟರಿನಲ್ಲಿ ತಿರುಗೋ ಭಾಗಕ್ಕೆ ಕರೆಂಟು ಮುಟ್ಟಿಸೋ ಕಾರ್ಬನ್ ಬ್ರಷ್ಷು ಓಡುವಾಗಲೇ ಕಿಡಿ ಕಾರುತ್ತೆ. ಅಲ್ಲಿಗೆ ಸಣ್ಣ ಅಲ್ಯೂಮಿನಿಯಂ ಧೂಳು ಹೋದರೆ ಏನಾದೀತು ನೀವೇ ಯೋಚಿಸಿ.

ಅಂಗಡಿಯವರು ವಾರಂಟಿ ಇಲ್ಲ ಅಂದರು. ಬಿಸಿ ವಸ್ತು ಎಳೆಯಬಾರದು ಅಂತ ಪುಸ್ತಕದಲ್ಲಿ ಬರೆದಿದೆಯಂತೆ. ಬರೆದಿದೆ, ಸಣ್ಣಕ್ಷರದ ಇಂಗ್ಲಿಷಿನಲ್ಲಿ. ನಟ್ಟು ಬೋಲ್ಟು ತೋರಿಸಿದ ಹುಡುಗ ಅವತ್ತು ರಜೆ!

ನಮ್ಮ ಬೀದಿಯಲ್ಲೇ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದ ಹಿರಿಯರೊಬ್ಬರಿದ್ದಾರೆ. ಸುಟ್ಟ ಮೆಷಿನ್ ನೋಡಿ ಅವರು ಹೇಳಿದ್ದು ಇಷ್ಟು: ‘ಚಿಪ್ಸಿಗೆ ಬ್ರಷ್ಷೇ ಕಣಯ್ಯ. ಗಾಳೀಲಿ ಎಳೀಲೂಬಾರ್ದು, ಊದಲೂಬಾರ್ದು.’ ಊದೋದೂ ತಪ್ಪೇ. ಕಂಪ್ರೆಸರ್ ಗಾಳಿ ಹೊಡೆದರೆ ಚೂರು ಕಣ್ಣಿಗೆ ಹಾರುತ್ತೆ, ಇಲ್ಲದಿದ್ದರೆ ಲೇತ್ ಬೆಡ್ಡಿನ ಸಂದಿ ಸೇರಿ ಅದನ್ನು ತೇಯುತ್ತೆ.

ಈಗ ನಮ್ಮಲ್ಲಿ ಪೇಂಟ್ ಬ್ರಷ್ಷು, ತಗಡಿನ ಮೊರ. ಉದ್ದ ಸುರುಳಿಗೆ ಬಗ್ಗಿಸಿದ ಕಂಬಿಯ ಕೊಕ್ಕೆ, ಬರಿಗೈಯಲ್ಲಿ ಎಳೆದರೆ ಬೆರಳು ಸೀಳುತ್ತೆ. ಕಬ್ಬಿಣದ ಪುಡಿಗೆ ಹಳೇ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಆಡಿಸುತ್ತೇವೆ. ಪುಡಿ ಕವರಿಗೆ ಅಂಟಿಕೊಂಡ ಮೇಲೆ ಕವರನ್ನು ಒಳಮಗ್ಗುಲು ಹೊರಗೆ ಮಾಡಿ ಆಯಸ್ಕಾಂತ ಈಚೆ ತೆಗೆದರೆ ಪುಡಿಯೆಲ್ಲ ಕವರಿನಲ್ಲೇ ಉಳಿಯುತ್ತೆ. ಕಟಿಂಗ್ ಮಾಡಿದ ದಿನದ ಕಸ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹೋಗಿ ರಾತ್ರಿ ಅಂಗಳದಲ್ಲಿರುತ್ತೆ. ಮೆಷಿನ್ ಬೇಕೇ ಬೇಕು ಅನ್ನುವವರು ಮರದ ಹೊಟ್ಟಿಗೆ ಮಾತ್ರ ಒಂದು ಇಟ್ಟುಕೊಳ್ಳಿ, ಕೆಲಸ ಮುಗಿದ ಕೂಡಲೇ ಡ್ರಮ್ ಹೊರಗೆ ಖಾಲಿ ಮಾಡಿ.

ಬಾಚಿದ ಚಿಪ್ಸನ್ನು ತಿಪ್ಪೆಗೆ ಸುರಿಯಬೇಡಿ. ಹಸು ಮೇವಿನ ಜೊತೆ ನುಂಗಿದರೆ ಚೂಪು ತುಂಡು ಹೊಟ್ಟೆ ಚುಚ್ಚಿ ಹೃದಯದವರೆಗೂ ಹೋಗುತ್ತೆ. ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಇಟ್ಟರೆ ಗುಜರಿಯವರು ರೇಟೂ ಚೆನ್ನಾಗಿ ಕೊಡುತ್ತಾರೆ. ಕಲಸಿ ಕೊಟ್ಟರೆ ಎಲ್ಲಕ್ಕೂ ಕಬ್ಬಿಣದ ರೇಟೇ.